ಪ್ರೋಟೀನಿನ ನೋಟ ಉಳಿಸಿಡೋಕೆ ಪೈಮೋಲಾ, ಕೈಮೆರಾಎಕ್ಸಾ? ನನ್ನ ಓಟು ಪೈಮೋಲಿಗೆ

ಪೈಮೋಲ್, ಕೈಮೆರಾಎಕ್ಸ್ ಎರಡೂ ಪ್ರೋಟೀನಿನ ಆಕಾರವನ್ನು ಕಂಪ್ಯೂಟರಿನಲ್ಲಿ ತಿರುಗಿಸಿ ತಿರುಗಿಸಿ ನೋಡೋ ಸಾಫ್ಟ್‌ವೇರುಗಳು. ಮೊದಲೇ ಹೇಳಿಬಿಡುತ್ತೇನೆ, ನನಗೆ ಪೈಮೋಲ್ ಇಷ್ಟ. ಕೈಮೆರಾಎಕ್ಸ್ ಚೆನ್ನಾಗಿಲ್ಲ ಅಂತಲ್ಲ, ಕೆಲವು ಕಡೆ ಅದೇ ಮುಂದಿದೆ, ಅದನ್ನೂ ಬರೆಯುತ್ತೇನೆ. ಆದರೆ ಒಂದು ಪ್ರೋಟೀನನ್ನು ಬೇಕಾದ ಕೋನಕ್ಕೆ ತಿರುಗಿಸಿ, ಆ ನೋಟವನ್ನು ಎತ್ತಿಟ್ಟು, ಇನ್ಯಾವತ್ತೋ ಇನ್ಯಾವುದೋ ಕಂಪ್ಯೂಟರಿನಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದೆ ವಾಪಸ್ ತರಬೇಕು ಅಂದರೆ ನಾನು ತೆರೆಯೋದು ಪೈಮೋಲನ್ನೇ.

ನಾನು ಶಿವಮೊಗ್ಗದಲ್ಲಿ ಡಿಗ್ರಿ ಮಕ್ಕಳಿಗೆ ಪಾಠ ಮಾಡುತ್ತೇನೆ. ಮಂಗನ ಕಾಯಿಲೆ ಬಗ್ಗೆ ಹೇಳದೆ ಇಲ್ಲಿ ವೈರಸ್ ಪಾಠ ಮುಗಿಯೋದಿಲ್ಲ. 1957ರಲ್ಲಿ ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಸಿಕ್ಕ ವೈರಸ್, ಉಣುಗು ಕಚ್ಚಿ ಬರೋದು, ತೀರ್ಥಹಳ್ಳಿ, ಸಾಗರ, ಹೊಸನಗರದ ಮಕ್ಕಳಿಗೆ ಮನೆಯಲ್ಲೇ ಗೊತ್ತಿರೋ ವಿಷಯ. ವೈರಸ್ಸಿನ ಮೇಲ್ಮೈ ಪ್ರೋಟೀನ್ ಹೇಗಿರುತ್ತೆ ಅಂತ ತೋರಿಸೋಕೆ ನಾನು ಬಳಸೋದು ಅದರ ಹತ್ತಿರದ ನೆಂಟ, ಯುರೋಪಿನ ಉಣುಗು ಹರಡುವ ಮೆದುಳುಜ್ವರದ ವೈರಸ್ಸಿನ ಇ ಪ್ರೋಟೀನ್. ಪ್ರೋಟೀನುಗಳ ರಚನೆಗಳನ್ನು ಕೂಡಿಟ್ಟಿರೋ ಪಿಡಿಬಿ ತಾಣದಲ್ಲಿ 1ಎಸ್‌ವಿಬಿ ಅಂತ ಹಾಕಿದರೆ ಸಿಗುತ್ತೆ, 1995ರಲ್ಲಿ ಪ್ರಕಟವಾದ ರಚನೆ. ಉದ್ದಕ್ಕೆ, ಚಪ್ಪಟೆಯಾಗಿ ಇರುತ್ತೆ. ಮೂರು ಭಾಗಗಳಿಗೆ ಕೆಂಪು, ಹಳದಿ, ನೀಲಿ ಬಣ್ಣ ಹಾಕೋದು ಈ ಕ್ಷೇತ್ರದಲ್ಲಿ ವಾಡಿಕೆ. ಹಳದಿ ಭಾಗದ ತುದಿಯಲ್ಲಿ ಫ್ಯೂಷನ್ ಲೂಪ್ ಇದೆ. ವೈರಸ್ ನಮ್ಮ ಜೀವಕೋಶದ ಪೊರೆಯ ಜೊತೆ ಬೆಸೆದುಕೊಳ್ಳೋದು ಆ ತುದಿಯಿಂದಲೇ.

ನನಗೆ ಬೇಕಾದದ್ದು ಇಷ್ಟೇ: ಮೊದಲ ಸ್ಲೈಡಿನಲ್ಲಿ ಬೂದು ಬಣ್ಣದ ಪ್ರೋಟೀನ್, ಎರಡನೆಯದರಲ್ಲಿ ಮೂರು ಬಣ್ಣ, ಮೂರನೆಯದರಲ್ಲಿ ಆ ತುದಿ ಮಾತ್ರ ಎದ್ದು ಕಾಣಬೇಕು. ಮೂರೂ ಒಂದೇ ಕೋನದಿಂದ. ಸ್ಲೈಡ್ ಬದಲಿಸಿದಾಗ ಪ್ರೋಟೀನ್ ಜಾಗ ಬಿಟ್ಟು ಕದಲಬಾರದು, ಬಣ್ಣ ಮಾತ್ರ ಬದಲಾಗಬೇಕು. ಕದಲಿದರೆ ಮಕ್ಕಳ ಕಣ್ಣು ಬಣ್ಣ ಬಿಟ್ಟು ಆ ಕದಲಿಕೆಯ ಹಿಂದೆ ಹೋಗುತ್ತೆ.

ಪೈಮೋಲಿನಲ್ಲಿ ಗೆಟ್ ವ್ಯೂ ಅಂತ ಕೊಟ್ಟರೆ (ನಡುವೆ ಅಂಡರ್‌ಸ್ಕೋರ್ ಹಾಕಬೇಕು) 18 ಸಂಖ್ಯೆಗಳನ್ನು ಮುದ್ರಿಸುತ್ತೆ. ಮೊದಲ ಒಂಬತ್ತು, ಎಷ್ಟು ತಿರುಗಿದೆ ಅನ್ನೋದು. ಆಮೇಲಿನ ಮೂರು ಕ್ಯಾಮೆರಾ ಎಲ್ಲಿದೆ ಅಂತ, ಅದರ ಮುಂದಿನ ಮೂರು ಯಾವ ಬಿಂದುವಿನ ಸುತ್ತ ತಿರುಗಿಸುತ್ತಿದ್ದೇವೆ ಅಂತ. ಹದಿನಾರು, ಹದಿನೇಳನೆಯದು ಮುಂದಿನ, ಹಿಂದಿನ ಕ್ಲಿಪ್ ಗೋಡೆಗಳು, ಅಂದರೆ ನೋಟವನ್ನು ಮುಂದೆ, ಹಿಂದೆ ಕತ್ತರಿಸೋ ಕಣ್ಣಿಗೆ ಕಾಣದ ಗೋಡೆಗಳು. ಕೊನೆಯದು ದೃಷ್ಟಿಕೋನದ ಅಗಲ. ಇಲ್ಲಿಂದ ಕತ್ತರಿಸಿ ಸ್ಕ್ರಿಪ್ಟಿಗೆ (ಆದೇಶಗಳನ್ನು ಸಾಲಾಗಿ ಬರೆದಿಟ್ಟ ಫೈಲಿಗೆ) ಅಂಟಿಸಿ ಅಂತ ಅದೇ ಬರೆದುಕೊಡುತ್ತೆ. ಅಂಟಿಸಿದರೆ ಆಯಿತು, ಅದೇ ನೋಟ ವಾಪಸ್.

ಇದರ ಬೆಲೆ ಮಲೆನಾಡಿನಲ್ಲಿ ಕೂತವರಿಗೆ ಜಾಸ್ತಿ ಗೊತ್ತಾಗುತ್ತೆ. ಮಳೆ ಹಿಡಿದರೆ ಕರೆಂಟು ಹೋಗುತ್ತೆ, ಅದರ ಹಿಂದೆಯೇ ಟವರೂ ಹೋಗುತ್ತೆ. ಹೊಸನಗರದ ಕಡೆ ಇರುವ ನನ್ನ ಗೆಳತಿಗೆ ದೊಡ್ಡ ಸೆಷನ್ ಫೈಲ್ (ಮಾಡಿದ ಕೆಲಸವೆಲ್ಲ ಒಟ್ಟಿಗೆ ಉಳಿದಿರೋ ಫೈಲ್) ಕಳಿಸಿದರೆ ರಾತ್ರಿಯೆಲ್ಲ ಸುತ್ತುತ್ತಲೇ ಇರುತ್ತೆ. 18 ಸಂಖ್ಯೆಗಳಾದರೆ ವಾಟ್ಸಾಪ್ ಮೆಸೇಜಿನಲ್ಲೇ ಹೋಗುತ್ತವೆ. ಅವಳ ಬಳಿ 1ಎಸ್‌ವಿಬಿ ಫೈಲ್ ಮೊದಲೇ ಇದೆ, ಸಂಖ್ಯೆ ಅಂಟಿಸಿದ ಕೂಡಲೇ ನಾನು ನೋಡುತ್ತಿರೋದೇ ಅವಳಿಗೂ ಕಾಣುತ್ತೆ. ಒಂದು ಎಚ್ಚರ ಮಾತ್ರ ಬೇಕು: ಅಲೈನ್ ಮಾಡಿ, ಅಂದರೆ ಪ್ರೋಟೀನನ್ನು ಇನ್ನೊಂದರ ಮೇಲೆ ಹೊಂದಿಸಿ ಕೂರಿಸಿ, ಅದರ ಜಾಗ ಬದಲಿಸಿದ್ದರೆ, ಆ ಕಡೆಯವರೂ ಅದೇ ಅಲೈನ್ ಮಾಡಿರಬೇಕು.

ಈಗ ಪೈಮೋಲಿನ ಒಂದು ಕಿರಿಕಿರಿ. ಇದನ್ನು ಬಿಡಿಸಿಯೇ ಹೇಳಬೇಕು, ಯಾಕಂದರೆ ಹೊಸಬರು ಬಿಟ್ಟು ಓಡೋದು ಇಲ್ಲಿಂದಲೇ.

ಎಲ್ಲ ಸಾಫ್ಟ್‌ವೇರಿನಲ್ಲೂ ಮೌಸಿನ ಚಕ್ರ ತಿರುಗಿಸಿದರೆ ಝೂಮ್ ಆಗುತ್ತೆ ಅಲ್ವಾ? ಪೈಮೋಲಿನಲ್ಲಿ ಆಗಲ್ಲ. ಚಕ್ರ ತಿರುಗಿಸಿದರೆ ಮುಂದಿನ, ಹಿಂದಿನ ಕ್ಲಿಪ್ ಗೋಡೆಗಳು ಹತ್ತಿರ ಬರುತ್ತವೆ ಇಲ್ಲವೇ ದೂರ ಹೋಗುತ್ತವೆ, ಗೋಡೆಯಿಂದ ಆಚೆಗಿರೋದೆಲ್ಲ ಮಾಯ. ಹಲಸಿನ ಹಣ್ಣಿನ ಎರಡೂ ಕಡೆ ಕೊಯ್ದು ನಡುವಿನ ಹೋಳು ಮಾತ್ರ ಇಟ್ಟ ಹಾಗೆ. ಝೂಮ್ ಬೇಕಾದರೆ ಬಲಗುಂಡಿ ಒತ್ತಿ ಎಳೆಯಬೇಕು.

ಅಷ್ಟೇ ಆಗಿದ್ದರೆ ಅಭ್ಯಾಸ ಆಗಿಬಿಡುತ್ತಿತ್ತು. ತೊಂದರೆ ಇರೋದು ಇನ್ನೂ ಒಳಗೆ. ಪ್ರೋಟೀನನ್ನು ಅಕ್ಕಪಕ್ಕ ಸರಿಸೋಕೆ ನಡುವಿನ ಗುಂಡಿ ಒತ್ತಿ ಎಳೆಯಬೇಕು. ಆ ನಡುವಿನ ಗುಂಡಿ ಅಂದರೆ ಅದೇ ಚಕ್ರ. ಒತ್ತುವಾಗ ಬೆರಳಿನ ಕೆಳಗೆ ಅದು ಒಂದು ಹಲ್ಲು ಜಾರುತ್ತೆ. ಜಾರಿದ್ದು ಸ್ಕ್ರೀನಿನ ಮೇಲೆ ಅಷ್ಟಾಗಿ ಗೊತ್ತಾಗೋದೇ ಇಲ್ಲ, ಹಿಂಬದಿಯ ಒಂದು ಎಳೆ ತೆಳುವಾಗಿರುತ್ತೆ ಅಷ್ಟೇ. ಆದರೆ ನೋಟ ಉಳಿಸಿದಾಗ ಆ ಎರಡು ಗೋಡೆಗಳೂ ಅದರೊಳಗೇ ಉಳಿಯುತ್ತವೆ.

ಇನ್ನೊಂದು ವಿಷಯ, ಪೈಮೋಲಿನಲ್ಲಿ ದೂರದ್ದು ಮಂಜಿನಲ್ಲಿ ಮಸುಕಾದ ಹಾಗೆ ಕಾಣುತ್ತೆ, ಆ ಮಂಜು ಎಲ್ಲಿಂದ ಶುರುವಾಗಬೇಕು ಅಂತ ಲೆಕ್ಕ ಹಾಕೋದೂ ಇದೇ ಗೋಡೆಗಳಿಂದ. ಹಾಗಾಗಿ ಕೋನ ಒಂದೇ ಇದ್ದರೂ ಎರಡು ಚಿತ್ರಗಳಲ್ಲಿ ಬಣ್ಣ ಬೇರೆ ಬೇರೆ ಕಾಣುತ್ತೆ. ಒಂದು ಚಿತ್ರದಲ್ಲಿ ಗಾಢವಾಗಿದ್ದ ನೀಲಿ ಇನ್ನೊಂದರಲ್ಲಿ ಬಿಳಚಿಕೊಂಡಿರುತ್ತೆ, ಯಾಕೆ ಅಂತ ಯಾರಿಗೂ ಗೊತ್ತಾಗಲ್ಲ. ಹೀಗಾದಾಗ ಎರಡು ನೋಟಗಳ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ಹದಿನಾರು, ಹದಿನೇಳನೆಯದನ್ನು ನೋಡಿ. ಅವು ಬೇರೆ ಇದ್ದರೆ ಕಳ್ಳ ಸಿಕ್ಕಿದ ಹಾಗೆ. ಕೈಯಿಂದ ತಿದ್ದಿ ವಾಪಸ್ ಅಂಟಿಸಬಹುದು. ನೋಟ ಬರೀ ಅಕ್ಷರವಾಗಿ ಕೈಗೆ ಸಿಗೋದರ ಲಾಭ ಇಲ್ಲೂ ಇದೆ. ಮಂಜೇ ಬೇಡ ಅನ್ನೋರು ಡೆಪ್ತ್ ಕ್ಯೂ ಸೊನ್ನೆ ಮಾಡಿಬಿಡಿ.

ಇದಕ್ಕೆ ನಾನು ಮಾಡಿದ ಖರ್ಚು ಒಂದೇ, ಹೊಸ ಮೌಸ್. ನೆಹರು ರಸ್ತೆಯ ಒಂದು ಅಂಗಡಿಯಲ್ಲಿ ಅಂಗಡಿಯವರಿಗೆ ಡಬ್ಬ ತೆಗೆಸಿ, ಚಕ್ರ ಒತ್ತಿ ನೋಡಿ, ತಿರುಗಿಸಿದರೆ ಟಕ್ ಟಕ್ ಅಂತ ಗಟ್ಟಿಯಾಗಿ ನಿಲ್ಲೋ, ವೈರ್ ಇರೋ ಸಾದಾ ಮೌಸ್ ತೆಗೆದುಕೊಂಡೆ. ಇದರಲ್ಲಿ ಜಾರೋದು ಎಷ್ಟೋ ಕಡಿಮೆ. ನುಣ್ಣಗೆ ಉರುಳೋ ಚಕ್ರದ ಮೌಸ್ ಈ ಕೆಲಸಕ್ಕೆ ಬೇಡವೇ ಬೇಡ.

ಕೈಮೆರಾಎಕ್ಸಿನಲ್ಲಿ ಈ ರಗಳೆ ಇಲ್ಲ. ಚಕ್ರ ತಿರುಗಿಸಿದರೆ ಝೂಮ್, ಮುಗೀತು. ಅದರ ಸೈಡ್ ವ್ಯೂ ಅನ್ನೋ ಪುಟ್ಟ ಕಿಟಕಿ ಬಹಳ ಒಳ್ಳೆಯದು: ಪ್ರೋಟೀನನ್ನು ಪಕ್ಕದಿಂದ ತೋರಿಸುತ್ತೆ, ನಮ್ಮ ಕಣ್ಣು ಎಲ್ಲಿದೆ, ಕ್ಲಿಪ್ ಗೋಡೆಗಳು ಎಲ್ಲಿವೆ ಅಂತ ಗೆರೆ ಎಳೆದಿರುತ್ತೆ, ಗೆರೆ ಹಿಡಿದು ಎಳೆದರೆ ಗೋಡೆ ಸರಿಯುತ್ತೆ. ಪೈಮೋಲಿನಲ್ಲಿ ಕುರುಡಾಗಿ ಮಾಡೋದನ್ನು ಇಲ್ಲಿ ಕಣ್ಣಾರೆ ನೋಡಿ ಮಾಡಬಹುದು. ನೋಟಕ್ಕೆ ಹೆಸರು ಕೊಟ್ಟು ಉಳಿಸೋದೂ ಸುಲಭ. ವ್ಯೂ ನೇಮ್ ಅಂತ ಬರೆದು ಮುಂದೆ ಒಂದು ಹೆಸರು ಹಾಕಿದರೆ ಸಾಕು. ವಾಪಸ್ ಕರೆಯುವಾಗ ಹೆಸರಿನ ಮುಂದೆ 60 ಅಂತ ಸೇರಿಸಿದರೆ ಅರವತ್ತು ಫ್ರೇಮಿನಲ್ಲಿ ನಿಧಾನವಾಗಿ ತೇಲಿ ಹೋಗಿ ನಿಲ್ಲುತ್ತೆ. ವಿಡಿಯೋ ಮಾಡೋರಿಗೆ ಇದಕ್ಕಿಂತ ಬೇರೆ ಬೇಡ.

ಆದರೂ ಯಾಕೆ ಒಗ್ಗಲಿಲ್ಲ? ಹೆಸರಿಟ್ಟ ನೋಟ ಸೆಷನ್ ಫೈಲಿನೊಳಗೆ ಕೂತಿರುತ್ತೆ. ವ್ಯೂ ಮ್ಯಾಟ್ರಿಕ್ಸ್ ಕೊಟ್ಟರೆ ಸಂಖ್ಯೆಗಳು ಸಿಗುತ್ತವೆ ನಿಜ, ಆದರೆ ಕ್ಯಾಮೆರಾದ್ದು ಬೇರೆ, ಒಂದೊಂದು ಮಾಡೆಲಿನದ್ದು (ತೆರೆದಿರೋ ಒಂದೊಂದು ಪ್ರೋಟೀನಿನದ್ದು) ಬೇರೆ ಬರುತ್ತೆ. ಮೆಸೇಜಿನಲ್ಲಿ ಕಳಿಸಿ ಅಂಟಿಸು ಅಂತ ಹೇಳೋಷ್ಟು ಸಲೀಸಲ್ಲ. ಜೊತೆಗೆ ಉಳಿಸಿದ ನೋಟ ಮಾಡೆಲುಗಳ ಜಾಗವನ್ನೂ ನೆನಪಿಟ್ಟುಕೊಳ್ಳುತ್ತೆ. ಎರಡು ಪ್ರೋಟೀನುಗಳನ್ನು ಆಮೇಲೆ ಒಂದರ ಮೇಲೊಂದು ಕೂರಿಸಿ, ಹಳೆಯ ನೋಟ ಕರೆದರೆ ಎರಡೂ ಹಳೆ ಜಾಗಕ್ಕೇ ಹೋಗಿ ಕೂರುತ್ತವೆ. ಕೆಲವರಿಗೆ ಇದೇ ಬೇಕಿರುತ್ತೆ, ನನಗೆ ಬೇಕಿರಲಿಲ್ಲ. ಇನ್ನು ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಸಾಫ್ಟ್ ಲೈಟಿಂಗ್ ಹಾಕಿ ಮೇಲ್ಮೈ ತೋರಿಸಿದರೆ ಚಿತ್ರ ಅಷ್ಟು ಚೆಂದ ಬರುತ್ತೆ, ಆದರೆ ತಿರುಗಿಸುವಾಗ ತಡೆದು ತಡೆದು ತಿರುಗುತ್ತೆ.

ದುಡ್ಡಿನ ಲೆಕ್ಕದಲ್ಲಿ ಎರಡೂ ಸಮ. ಪೈಮೋಲಿನ ಓಪನ್ ಸೋರ್ಸ್ ಆವೃತ್ತಿ ಪುಕ್ಕಟೆ, ಪಾಠಕ್ಕೆ ಬಳಸೋರಿಗೆ ಕೈಮೆರಾಎಕ್ಸೂ ಪುಕ್ಕಟೆ.

ಇಂಥವೇ ಇನ್ನೆರಡು ಸಾಫ್ಟ್‌ವೇರುಗಳ ಬಗ್ಗೆಯೂ ಒಂದು ಮಾತು. ವಿಎಂಡಿ ಪರಮಾಣುಗಳ ಚಲನೆ ನೋಡೋರಿಗೆ. ಕೆಲಸ ಉಳಿಸಿಡೋ ಅದರ ಸ್ಟೇಟ್ ಫೈಲಿನಲ್ಲಿ ಫೈಲ್ ಯಾವ ಫೋಲ್ಡರಿನಲ್ಲಿತ್ತು ಅನ್ನೋದೂ ಬರೆದಿರುತ್ತೆ, ಫೋಲ್ಡರ್ ಬದಲಿಸಿದರೆ ತೆರೆಯಲ್ಲ. ಮೋಲ್‌ಸ್ಟಾರ್ ಪಿಡಿಬಿ ತಾಣದಲ್ಲೇ ಬ್ರೌಸರಿನಲ್ಲಿ ತೆರೆಯುತ್ತೆ, ಮಕ್ಕಳು ಮೊಬೈಲಿನಲ್ಲಿ ನೋಡೋಕೆ ಚೆಂದ, ಆದರೆ ನೆಟ್ ಬೇಕು.

ಪೈಮೋಲಿನಲ್ಲಿ ನೋಟದ ಜೊತೆ ಬಣ್ಣವೂ ಉಳಿಯಬೇಕಾದರೆ ಸೀನ್ ಬಳಸಿ. ಎಫ್1, ಎಫ್2 ಅಂತ ಗುಂಡಿಗಳಿಗೆ ಸೀನ್ ಕಟ್ಟಿಡಬಹುದು. ಪೇಜ್ ಡೌನ್ ಒತ್ತಿದರೆ ಮುಂದಿನ ಸೀನ್ ಬರುತ್ತೆ. ಸ್ಲೈಡ್ ಬದಲಿಸೋ ನನ್ನ ಕ್ಲಿಕ್ಕರ್ ಕಳಿಸೋದೂ ಪೇಜ್ ಡೌನ್ ಸಂಕೇತವನ್ನೇ, ಹಾಗಾಗಿ ಕ್ಲಾಸಿನಲ್ಲಿ ಬೆಂಚುಗಳ ನಡುವೆ ಓಡಾಡುತ್ತಲೇ ಸೀನ್ ಬದಲಿಸುತ್ತೇನೆ. ಹೊಸ ಆವೃತ್ತಿಯಲ್ಲಿ ಉಳಿಸಿದ ಸೆಷನ್ ಲ್ಯಾಬಿನ ಹಳೆಯ ಆವೃತ್ತಿಯಲ್ಲಿ ತೆರೆಯದೇ ಇರಬಹುದು, ಅದಕ್ಕೇ ಸ್ಕ್ರಿಪ್ಟೇ ನನ್ನ ಆಧಾರ. ಆ 18 ಸಂಖ್ಯೆಗಳಲ್ಲಿ ಕಿಟಕಿಯ ಅಳತೆ ಇರೋದಿಲ್ಲ ಅನ್ನೋದನ್ನೂ ಗಮನಿಸಿ. ಅಗಲದ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಕೂತ ಉದ್ದನೆಯ ಪ್ರೋಟೀನ್ ಲ್ಯಾಬಿನ ಚೌಕ ಮಾನಿಟರಿನಲ್ಲಿ ಎರಡೂ ತುದಿ ಕತ್ತರಿಸಿಕೊಂಡು ಕೂರುತ್ತೆ, ಹೋಗೋದು ಆ ಫ್ಯೂಷನ್ ಲೂಪೇ. ಹಾಗಾಗಿ ಸ್ಕ್ರಿಪ್ಟಿನಲ್ಲೇ ವ್ಯೂಪೋರ್ಟ್ 1200, 900 ಅಂತ ಬರೆದಿಡಿ, ಚಿತ್ರ ತೆಗೆಯುವಾಗಲೂ ಅದೇ ಅನುಪಾತ ಕೊಡಿ.

ಹೊಸ ಲ್ಯಾಪ್‌ಟಾಪ್ ಇದ್ದು, ವಿಡಿಯೋ ಮಾಡಬೇಕು, ಒಬ್ಬರೇ ಒಂದೇ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತೀರಿ ಅಂದರೆ ಕೈಮೆರಾಎಕ್ಸ್ ಹಾಕಿಕೊಳ್ಳಿ, ಸೈಡ್ ವ್ಯೂ ಒಂದಕ್ಕಾದರೂ. ಹಳೆ ಲ್ಯಾಪ್‌ಟಾಪು, ಎರಡು ಮೂರು ಕಂಪ್ಯೂಟರು, ಕೈಕೊಡೋ ನೆಟ್ಟು, ಮೇಲಾಗಿ ಟೈಪ್ ಮಾಡೋ ಅಭ್ಯಾಸ ಇರೋರಿಗೆ ಪೈಮೋಲೇ ಸರಿ. ಒಂದರ ಸಂಖ್ಯೆಗಳನ್ನು ಇನ್ನೊಂದಕ್ಕೆ ಹಾಗೇ ಅಂಟಿಸೋಕಂತೂ ಬರಲ್ಲ, ಲೆಕ್ಕದ ರೀತಿಯೇ ಬೇರೆ. ಅದಕ್ಕೆ ಸ್ಲೈಡುಗಳು ರಾಶಿ ಬೀಳೋ ಮುಂಚೆಯೇ ಯಾವುದು ಅಂತ ನಿರ್ಧಾರ ಮಾಡಿಕೊಳ್ಳಿ.