ವಾರ್ಡ್‌ರೋಬ್ ಹಿಂದೆ ಸಿಕ್ಕಾಕೊಳ್ಳೋ ಸಾಕೆಟ್: ಬ್ಲಾಂಕ್ ಪ್ಲೇಟಾ, ಪೂರ್ತಿ ತೆಗೆಸೋದಾ, ಹಾಗೇ ಬಿಡೋದಾ?
ಖರ್ಚು ನೋಡಿದ್ರೆ ಬ್ಲಾಂಕ್ ಪ್ಲೇಟ್ ಅಗ್ಗ. ಸಾಕೆಟ್ ಬಿಚ್ಚಿ, ವೈರ್‌ಗಳನ್ನ ಕನೆಕ್ಟರ್‌ನಲ್ಲಿ ಸೇರಿಸಿ ಮೇಲೆ ಮುಚ್ಚಳ ಹಾಕೋದು ಅಷ್ಟೇ, ಆದ್ರೆ ಒಳಗೆ ಕರೆಂಟ್ ಇದ್ದೇ ಇರತ್ತೆ, ಜಾಯಿಂಟ್ ಮುಂದೆ ಸಡಿಲ ಆದ್ರೆ ಬಿಸಿಯಾಗತ್ತೆ, ಅದಕ್ಕೇ ಕೈ ಹೋಗೋ ಹಾಗೆ ಹಿಂಬದಿ ಹಲಗೇಲಿ ಒಂದು ಬಿಚ್ಚೋ ಮುಚ್ಚಳ ಬೇಕು. ಬರೀ ಟೇಪ್ ಸುತ್ತಿ ಪ್ಲಾಸ್ಟರ್ ಮಾಡೋರಿದಾರೆ, ದಯವಿಟ್ಟು ಬೇಡ.

ಮತ್ತೆ ಯಾವತ್ತೂ ಬಿಚ್ಚದ ಫರ್ನಿಚರ್ ಆದ್ರೆ ಮೂಲದಿಂದಲೇ ಲೈನ್ ಕಟ್ ಮಾಡಿಸೋದು ನೆಮ್ಮದಿ, ಖರ್ಚು ಜಾಸ್ತಿನೇ. ಆದ್ರೆ ಆ ಸಾಕೆಟ್‌ನಿಂದ ಮುಂದಿನ ಸಾಕೆಟ್‌ಗೆ ಲೈನ್ ಹೋಗಿದ್ರೆ ಸುಮ್ನೆ ಕಟ್ ಮಾಡಿದ್ರೆ ಅದೂ ಸಾಯತ್ತೆ, ಎಲೆಕ್ಟ್ರಿಷಿಯನ್ ಮೊದ್ಲು ಅದನ್ನ ಚೆಕ್ ಮಾಡ್ಲಿ.

ಒಳಗೆ ಲೈಟ್, ರೂಟರ್ ಇಡೋ ಯೋಚನೆ ಇದ್ರೆ ಹಲಗೆ ಕತ್ತರಿಸಿ ಸಾಕೆಟ್ ಬಳಸೋದೇ ಸುಲಭ. ಬಟ್ಟೆ ಒತ್ತಿಕೊಂಡಿರೋ ಜಾಗದಲ್ಲಿ ಚಾರ್ಜರ್ ಮಾತ್ರ ಬೇಡ, ಶಾಖ ಹೊರಗೆ ಹೋಗಲ್ಲ.

ಬಾಡಿಗೆ ಮನೆ ಆದ್ರೆ ನಾನು ಬ್ಲಾಂಕ್ ಪ್ಲೇಟೇ ಅಂತೀನಿ, ವಾಪಸ್ ಹಾಕೋದು ಸುಲಭ, ಓನರ್‌ನ ಕೇಳ್ಕೊಂಡೇ ಮಾಡಿಸಿ. ಯಾವುದೇ ಆಗ್ಲಿ, ಗೋಡೆ ಸ್ವಿಚ್ ಆಫ್ ಮಾಡಿದ್ರೆ ಸಾಲದು, ಎಂಸಿಬಿ (ಮೇನ್ ಬೋರ್ಡ್‌ನಲ್ಲಿ ಆ ಲೈನ್‌ನ ಬ್ರೇಕರ್ ಸ್ವಿಚ್) ಇಳಿಸಿ, ಟೆಸ್ಟರ್ ಮೊದ್ಲು ಕರೆಂಟ್ ಇರೋ ಕಡೆ ಇಟ್ಟು ಅದು ಕೆಲಸ ಮಾಡತ್ತಾ ನೋಡಿ, ಆಮೇಲೆ ಈ ಸಾಕೆಟ್‌ಗೆ ಇಟ್ಟು ಕರೆಂಟ್ ಇಲ್ಲ ಅಂತ ನೋಡಿ.