ಟೈರ್ ಮೇಲಿರುವ ನಂಬರ್ ನೋಡಿ ಗಾಳಿ ಹೊಡೆಸಬೇಡಿ

ಹೊಟ್ಟೆ ಉರಿಯುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ. ಪಿಕಪ್ ಇರುವವರು ದಯವಿಟ್ಟು ಓದಿ.

ನನ್ನ ಪಿಕಪ್‌ಗೆ ನಾಲ್ಕೂ ಹೊಸ ಟೈರ್ ಹಾಕಿಸಿದೆ. ಮೊದಲಿದ್ದ ಸೈಜೇ, ಮೊದಲಿದ್ದ ತರದ್ದೇ. ಅವತ್ತಿನಿಂದಲೇ ಗಾಡಿ ಕುಣಿಯಲು ಶುರು. ಸಣ್ಣ ಗುಂಡಿಗೂ ಹಿಂಬದಿ ಎಗರುತ್ತಿತ್ತು. ಹೊಸ ಟೈರ್ ಅಲ್ವಾ, ಸರಿಹೋಗುತ್ತದೆ ಎಂದು ಸುಮ್ನೆ ಓಡಿಸಿದೆ. ಎರಡು ತಿಂಗಳು! ಒಂದು ದಿನ ಮಳೆ, ಗಾಡಿ ಖಾಲಿ. ಬ್ರೇಕ್ ಒತ್ತಿದರೆ ಹಿಂದಿನ ಚಕ್ರ ಪಕ್ಕಕ್ಕೆ ಜಾರಿತು. ಪಕ್ಕದಲ್ಲಿ ಮಗಳು ಕೂತಿದ್ದಳು.

ಮರುದಿನ ಬೆಳಿಗ್ಗೆ ಗಾಳಿಯ ಒತ್ತಡ ಅಳೆಯುವ ಗೇಜ್ ಇಟ್ಟು ನೋಡಿದೆ. 50, 50, 49, 50 ಪಿಎಸ್‌ಐ (ಒತ್ತಡದ ಅಳತೆ). ಡ್ರೈವರ್ ಬಾಗಿಲು ತೆಗೆದರೆ ಚೌಕಟ್ಟಿನಲ್ಲಿ ಸ್ಟಿಕ್ಕರ್ ಇರುತ್ತದಲ್ಲ, ಗಾಡಿಗೆ ಬೇಕಾದ ಒತ್ತಡ ಎಂದು ಅದರಲ್ಲಿ ಇರುವುದು 35!

ಟೈರ್ ಹಾಕಿದ ಅಂಗಡಿಯವನನ್ನು ಹೋಗಿ ಕೇಳಿದೆ. "ಟೈರ್ ಮೇಲೇ 51 ಅಂತ ಇದೆ, ನೋಡಿ ಸರ್" ಎಂದು ಬೆರಳಿಟ್ಟು ತೋರಿಸಿದ. ಅದರ ಪಕ್ಕದಲ್ಲೇ 'ಮ್ಯಾಕ್ಸ್' ಎಂದೂ ಇತ್ತು. ಅದು ಟೈರ್‌ಗೆ ತುಂಬಬಹುದಾದ ಹೆಚ್ಚೆಂದರೆ ಹೆಚ್ಚು ಗಾಳಿ. ನನ್ನ ಗಾಡಿಗೆ ಬೇಕಾದದ್ದಲ್ಲ. ಹಾಗಂತ ಹೇಳಿದರೆ, "ಲೋಡ್ ಗಾಡಿ ಅಲ್ವಾ ಸರ್, ಗಾಳಿ ಜಾಸ್ತಿನೇ ಇರಬೇಕು" ಎಂದ. ನಾಲ್ಕು ಜನರ ಮುಂದೆ, ಚಿಕ್ಕ ಹುಡುಗನಿಗೆ ತಿಳಿಹೇಳುವ ಹಾಗೆ. ಮುಖ ಬಿಸಿಯಾಯಿತು ನನಗೆ.

ಕೊನೆಗೆ ಅಲ್ಲೇ 35ಕ್ಕೆ ಇಳಿಸಿಕೊಟ್ಟ. ನೆಮ್ಮದಿಯಿಂದ ಬಂದೆ. ಬೆಳಿಗ್ಗೆ ಅಳೆದರೆ 30! ಓಡಿ ಬಿಸಿಯಾದ ಟೈರ್‌ನಲ್ಲಿ ಒತ್ತಡ ಏರಿರುತ್ತದೆ. ಸ್ಟಿಕ್ಕರ್‌ನಲ್ಲಿರುವುದು ತಣ್ಣಗಿರುವ ಟೈರ್‌ನ ಲೆಕ್ಕ. ಅವನ ದಿನದ ಕೆಲಸವೇ ಇದು, ಗೊತ್ತಿರಬೇಡವೇ? ಆ 30ರಲ್ಲೇ ಲೋಡ್ ಹಾಕಿ ದೂರ ಹೋಗಿದ್ದರೆ ಟೈರ್ ಕಾದು ಒಡೆಯಬಹುದಿತ್ತು. ಫೋನ್ ಮಾಡಿದರೆ, "ನೀವೇ ತಾನೇ ಸರ್ 35 ಕೇಳಿದ್ದು?" ಎಂದ. ಎರಡನೇ ಸಲ ಮೋಸಹೋದೆ.

ಗೇಜ್ ನೀವೇ ಇಟ್ಟುಕೊಳ್ಳಿ. ಗಾಡಿ ನಿಂತು ಮೂರು ಗಂಟೆಯಾದರೂ ಆದ ಮೇಲೆ ಅಳೆಯಿರಿ. ಮುಂದಕ್ಕೂ ಹಿಂದಕ್ಕೂ ಬೇರೆ ಬೇರೆ ಇರಬಹುದು, ಪೂರ್ತಿ ಲೋಡಿಗೆ ಬೇರೆಯೇ ಇರಬಹುದು, ಸ್ಟಿಕ್ಕರ್ ಮತ್ತು ಗಾಡಿಯ ಪುಸ್ತಕ ಎರಡನ್ನೂ ನೋಡಿ. ಬಿಸಿ ಟೈರ್‌ನಿಂದ ಗಾಳಿ ಬಿಡಿಸಬೇಡಿ. "ಎಷ್ಟು ಹೊಡೀಲಿ?" ಎಂದು ಕೇಳದೆ ಪೈಪ್ ಸಿಕ್ಕಿಸುವವರನ್ನು ಅಲ್ಲೇ ತಡೆಯಿರಿ.

ಎರಡು ತಿಂಗಳು ಜಾಸ್ತಿ ಗಾಳಿಯಲ್ಲಿ ಓಡಿದ್ದಕ್ಕೆ ಈಗ ನಾಲ್ಕೂ ಟೈರ್‌ಗಳ ನಡುಭಾಗ ಸವೆದಿದೆ, ಅಂಚುಗಳು ಹೊಸದರಂತೆ ಇವೆ. ಅದನ್ನೂ ತೋರಿಸಿದೆ. "ಅಲೈನ್‌ಮೆಂಟ್ ಮಾಡಿಸಿ ಸರ್" ಎಂದ. ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ, ತಪ್ಪಿದರೆ ಸವೆಯುವುದು ಅಂಚು!