ಹೊರದೇಶದಲ್ಲಿರೋ ಅಮೆರಿಕನ್ ಸಿಟಿಜನ್‌ಗಳ ಟ್ಯಾಕ್ಸ್ ಫೈಲಿಂಗ್ ಸರ್ವಿಸ್: ಕೆಲಸ ಚೆನ್ನಾಗಿದೆ, ಫೀಸ್ ಮಾತ್ರ ಮೊದ್ಲೇ ಬಿಡಿಸಿ ಕೇಳ್ಕೊಳ್ಳಿ

ಅಮೆರಿಕದ ಪಾಸ್‌ಪೋರ್ಟ್ ಇಟ್ಕೊಂಡು ಬೇರೆ ದೇಶದಲ್ಲಿ ಕೆಲಸ ಮಾಡೋರಿಗೆ ಅಮೆರಿಕದ ಟ್ಯಾಕ್ಸ್ ರಿಟರ್ನ್ ಫೈಲ್ ಮಾಡ್ಕೊಡೋ ಒಂದು ಆನ್‌ಲೈನ್ ಸರ್ವಿಸನ್ನ ಈ ಸಲ ಬಳಸ್ದೆ, ಹೆಸರು ಹಾಕಲ್ಲ, ಆದ್ರೆ ಇಂಥ ಯಾವುದಕ್ಕೆ ಹೋದ್ರೂ ಏನು ನೋಡ್ಕೋಬೇಕು ಅನ್ನೋದು ನಾಲ್ಕು ಜನಕ್ಕೆ ಉಪಯೋಗ ಆಗ್ಲಿ ಅಂತ ಬರೀತಿದೀನಿ.

ನಂಗೆ ತುಂಬಾ ಹಿಡಿಸಿದ್ದು ಅವರು ಕೇಳಿದ ಮೊದಲ್ನೇ ಪ್ರಶ್ನೆ, ನೀವಿರೋ ದೇಶದಲ್ಲಿ ಎಷ್ಟು ಟ್ಯಾಕ್ಸ್ ಕಟ್ಟಿದೀರಿ ಅಂತ. ಎಷ್ಟೋ ಕಡೆ ಅದನ್ನ ಕೇಳೋದೇ ಇಲ್ಲ, ಹೊರಗಿದೀರಾ, ಸರಿ, ಫಾರ್ಮ್ 2555 ಹಾಕಿ ಅಲ್ಲಿನ ಸಂಬಳಾನ ಅಮೆರಿಕದ ಟ್ಯಾಕ್ಸ್ ಲೆಕ್ಕದಿಂದ ಕಳೆದ್ಬಿಡ್ತಾರೆ, 2025ಕ್ಕೆ 1,30,000 ಡಾಲರ್‌ವರೆಗೂ ಕಳೀಬಹುದಲ್ಲ, ಟ್ಯಾಕ್ಸ್ ಸೊನ್ನೆ ಬಂತು, ಮುಗೀತು. ಆದ್ರೆ ಟ್ಯಾಕ್ಸ್ ಜಾಸ್ತಿ ಇರೋ ದೇಶದಲ್ಲಿದ್ರೆ ಫಾರ್ಮ್ 1116ರಲ್ಲಿ ಕ್ರೆಡಿಟ್ ತಗೊಂಡ್ರೂ (ಅಂದ್ರೆ ಅಲ್ಲಿ ಕಟ್ಟಿದ ಟ್ಯಾಕ್ಸನ್ನ ಅಮೆರಿಕದ ಟ್ಯಾಕ್ಸಲ್ಲಿ ಮುರ್ಕೊಂಡ್ರೂ) ಸೊನ್ನೆನೇ ಬರುತ್ತೆ, ಮಿಕ್ಕ ಕ್ರೆಡಿಟ್ 10 ವರ್ಷ ಮುಂದಕ್ಕೆ ಹೋಗುತ್ತೆ, ಮಕ್ಕಳಿದ್ರೆ ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್‌ನಲ್ಲಿ ರೀಫಂಡ್ ಬರೋ ಭಾಗಾನೂ ಸಿಗೋ ಅವಕಾಶ ಇರುತ್ತೆ, 2555 ಹಾಕಿದ್ರೆ ಅದು ಹೋಯ್ತು. ಇವರು ಎರಡೂ ರೀತೀಲಿ ಡ್ರಾಫ್ಟ್ ಮಾಡಿ ಪಕ್ಕಪಕ್ಕ ಇಟ್ಟು ತೋರ್ಸಿದ್ರು. ಒಂದ್ಸಲ 2555 ತಗೊಂಡು ಆಮೇಲೆ ಬಿಟ್ರೆ ಐಆರ್‌ಎಸ್ (ಅಮೆರಿಕದ ಟ್ಯಾಕ್ಸ್ ಇಲಾಖೆ) ಒಪ್ಪಿಗೆ ಇಲ್ದೆ 5 ವರ್ಷ ಮತ್ತೆ ತಗೊಳ್ಳೋ ಹಾಗಿಲ್ಲ ಅಂತಾನೂ ಬಿಡಿಸಿ ಹೇಳಿದ್ರು. ಸ್ವಂತ ಉದ್ಯೋಗದವರು ಇನ್ನೂ ಹುಷಾರಾಗಿರ್ಬೇಕು, 15.3% ಸೆಲ್ಫ್ ಎಂಪ್ಲಾಯ್ಮೆಂಟ್ ಟ್ಯಾಕ್ಸು 2555ರಿಂದ ತಪ್ಪಲ್ಲ.

ಎಫ್‌ಬಾರ್‌ಗೆ, ಅಂದ್ರೆ ಹೊರದೇಶದ ಬ್ಯಾಂಕ್ ಅಕೌಂಟ್‌ಗಳ ಬಗ್ಗೆ ಅಮೆರಿಕ ಸರ್ಕಾರಕ್ಕೆ ಕೊಡೋ ವರದಿಗೆ, ಅಂತ ಒಂದು ಶೀಟ್ ಕಳಿಸ್ತಾರೆ, ಪ್ರತಿ ಅಕೌಂಟಲ್ಲಿ ವರ್ಷದಲ್ಲಿ ಅತಿ ಹೆಚ್ಚು ಇದ್ದ ಬ್ಯಾಲೆನ್ಸ್ ಎಷ್ಟು, ಜಾಯಿಂಟ್ ಇದ್ರೆ ಯಾರ ಜೊತೆ, ನಿಮ್ಮ ದುಡ್ಡಲ್ದೆ ಬರೀ ಸೈನ್ ಮಾಡೋ ಅಧಿಕಾರ ಇರೋದು ಯಾವುದು, ಎಲ್ಲಾ ಕಾಲಮ್ ಇದೆ, ಡಾಲರ್‌ಗೆ ಬದಲಾಯಿಸೋಕೆ ಅಮೆರಿಕದ ಟ್ರೆಶರಿಯ (ಹಣಕಾಸು ಇಲಾಖೆ) ಡಿಸೆಂಬರ್ 31ರ ರೇಟ್ ಮೊದ್ಲೇ ತುಂಬಿಟ್ಟಿದ್ರು. ನೀಟಾದ ಕೆಲಸ.

ಬೇಜಾರಾಗಿದ್ದು ಬಿಲ್ ನೋಡಿದಾಗ. ಶುರುನಲ್ಲಿ ಹೇಳಿದ ರೇಟು ಬರೀ ಮುಖ್ಯ ರಿಟರ್ನ್ ಫಾರ್ಮ್ 1040ಗೆ ಅಂತೆ, ಎಫ್‌ಬಾರ್ ಬೇರೆ, ಅಮೆರಿಕದ ಹೊರಗಿನ ಮ್ಯೂಚುವಲ್ ಫಂಡ್ ಇದ್ರೆ ಒಂದೊಂದು ಫಂಡ್‌ಗೂ ಫಾರ್ಮ್ 8621 ಬೇರೆ, ಇದನ್ನೆಲ್ಲ ಕೊನೇಲಿ ಹೇಳೋದು ನ್ಯಾಯ ಅಲ್ಲ. ಎಲ್ಲಾ ಹೊರದೇಶದ ಅಕೌಂಟ್ ಸೇರಿ ಒಂದು ದಿನ 10,000 ಡಾಲರ್ ದಾಟಿದ್ರೂ ಎಫ್‌ಬಾರ್ ಕಡ್ಡಾಯ, ಆದ್ರೆ ಅದನ್ನ ಟ್ರೆಶರಿಯ ಫಿನ್‌ಸೆನ್ ವಿಭಾಗದ ಸೈಟಲ್ಲಿ ನಾವೇ ಫ್ರೀಯಾಗಿ ಹಾಕ್ಬಹುದು, ಅಕೌಂಟ್ ಕಮ್ಮಿ ಇರೋರು ಇದಕ್ಕೆ ದುಡ್ಡು ಕೊಡೋದೇ ಬೇಡ.

ಗೊತ್ತಿಲ್ದೆ ಹಿಂದಿನ ವರ್ಷಗಳದ್ದು ಬಿಟ್ಟಿರೋರಿಗೆ ಸ್ಟ್ರೀಮ್‌ಲೈನ್ಡ್ ಫೈಲಿಂಗ್ ಕೂಡ ಮಾಡ್ತಾರೆ, 3 ವರ್ಷದ ರಿಟರ್ನು, 6 ವರ್ಷದ ಎಫ್‌ಬಾರು. ಇದಕ್ಕೂ ಕೊಟೇಶನ್ ಬರವಣಿಗೇಲೇ ತಗೊಳ್ಳಿ.

ಹೊರಗಿರೋರಿಗೆ ಜೂನ್ 15ರವರೆಗೆ ಟೈಮ್ ತಾನಾಗೇ ಸಿಗುತ್ತೆ ನಿಜ, ಆದ್ರೆ ಟ್ಯಾಕ್ಸ್ ಬಾಕಿ ಇದ್ರೆ ಬಡ್ಡಿ ಏಪ್ರಿಲ್ 15ರಿಂದಾನೇ ಓಡುತ್ತೆ, ಜೊತೆಗೆ ಸೀಸನ್‌ನಲ್ಲಿ ಇವರ ಚಾಟ್‌ಗೆ ಉತ್ತರ ಬರೋಕೆ ದಿನಗಟ್ಟಲೆ ಆಗುತ್ತೆ, ಅದಕ್ಕೆ ಫೆಬ್ರವರೀಲೇ ಕಾಗದಪತ್ರ ಕೊಟ್ಬಿಡಿ. 5ಕ್ಕೆ 4 ಸ್ಟಾರ್, ಮುಂದಿನ ವರ್ಷಾನೂ ಇವರ ಹತ್ರಾನೇ ಮಾಡಿಸ್ತೀನಿ, ಎಫ್‌ಬಾರ್ ಮಾತ್ರ ನಾನೇ ಹಾಕ್ಕೋತೀನಿ.